ದೇಶ ಬಿಡುವ ಕನಸನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಬೇರೆ ದೇಶಕ್ಕೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ ಸಾಮಾನ್ಯವಾಗಿ ಒಂದು ಚಿತ್ರದಿಂದ ಶುರುವಾಗುತ್ತದೆ. ಸ್ವಚ್ಛವಾದ ಬೀದಿ, ಹೊತ್ತಿಗೆ ಸರಿಯಾಗಿ ಬರುವ ರೈಲು, ಸಂಜೆ ಐದಕ್ಕೆ ಮುಗಿಯುವ ಕಚೇರಿ, ನಮ್ಮ ಪೂರ್ವಾಪರವನ್ನು ಯಾರೂ ಕೆದಕದ ಒಂದು ಊರು. ಆದರೆ ಅಲ್ಲಿಗೆ ಹೋದ ಮೇಲೆ ನಮ್ಮ ಬದುಕನ್ನು ಹೆಚ್ಚಾಗಿ ನಿರ್ಧರಿಸುವ ಸಂಗತಿಯೊಂದು ಆ ಚಿತ್ರದಲ್ಲಿ ಇರುವುದೇ ಇಲ್ಲ. ಆ ನೆಲದಲ್ಲಿ ನಾವು ಯಾವ ಕಾಗದದ ಬಲದಿಂದ ನಿಂತಿರುತ್ತೇವೆ ಎಂಬುದು ಆ ಸಂಗತಿ. ಒಂದೇ ಬೀದಿಯಲ್ಲಿ ಒಂದೇ ಬಾಡಿಗೆ ಕೊಟ್ಟು ವಾಸಿಸುವ ಇಬ್ಬರು ವಲಸಿಗರು ಒಂದೇ ದಿನ ಕೆಲಸ ಕಳೆದುಕೊಂಡರೆ, ಒಬ್ಬರು ಮರುದಿನ ಇನ್ನೊಂದು ಕೆಲಸ ಹುಡುಕಲು ಹೊರಡುತ್ತಾರೆ, ಮತ್ತೊಬ್ಬರು ದೇಶ ಬಿಡಲು ಉಳಿದಿರುವ ದಿನಗಳನ್ನು ಎಣಿಸುತ್ತಾರೆ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಹೊಂದಿದವರಿಗೆ ಕೆಲಸ ಹೋದ ಮೇಲೆ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಕೆನಡಾದ ಕಾಯಂ ನಿವಾಸಿಗೆ ಅಂಥ ಗಡುವೇ ಇಲ್ಲ. ಆದ್ದರಿಂದ ‘ಯಾವ ದೇಶ ಚೆನ್ನಾಗಿದೆ’ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಸ್ವಲ್ಪ ಹಿಂದಕ್ಕೆ ಸರಿಸಿ, ‘ಯಾವ ದೇಶದಲ್ಲಿ ನನಗೆ ಎಂಥ ಸ್ಥಾನ ಸಿಗುತ್ತದೆ’ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯುದ್ಧದಿಂದಲೋ ಕಿರುಕುಳದಿಂದಲೋ ಜೀವ ಉಳಿಸಿಕೊಳ್ಳಲು ಓಡಬೇಕಾದವರಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಅವರ ದಾರಿ 1951ರ ನಿರಾಶ್ರಿತರ ಒಪ್ಪಂದದ ಅಡಿಯಲ್ಲಿ ಬರುವಂಥದ್ದು. ಅದಕ್ಕೆ ಬೇರೆಯದೇ ಕಾನೂನಿದೆ, ಅದನ್ನು ಬಲ್ಲ ವಕೀಲರ ನೆರವು ಬೇಕು. ಇಲ್ಲಿ ಹೇಳುತ್ತಿರುವುದು ಯೋಚಿಸಲು ಸಮಯವಿರುವವರಿಗೆ.

ಮೊದಲ ಹಂತ: ಬಿಡುವುದೇನು, ಪಡೆಯುವುದೇನು

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆಗೆ ನೀವು ಬಿಟ್ಟುಹೋಗಲು ಬಯಸುವ ಸಂಗತಿಗಳನ್ನೂ ಬಲಗಡೆಗೆ ಅಲ್ಲಿ ಪಡೆಯಲು ಬಯಸುವ ಸಂಗತಿಗಳನ್ನೂ ಬರೆಯಿರಿ. ಬರೆಯುವಾಗ ದೊಡ್ಡ ಪದಗಳನ್ನು ಬಿಟ್ಟು ಸಣ್ಣ ವಿವರಗಳನ್ನು ಹಿಡಿಯಿರಿ. ‘ನೆಮ್ಮದಿ’ ಎಂದು ಬರೆದರೆ ಅದನ್ನು ಅಳೆಯಲು ಬರುವುದಿಲ್ಲ. ‘ರಾತ್ರಿ ಎಂಟರ ನಂತರ ಮೇಲಧಿಕಾರಿಯ ಕರೆ ಬರಬಾರದು’ ಎಂದು ಬರೆದರೆ ಬರುತ್ತದೆ.

ಎಡಗಡೆಯ ಪಟ್ಟಿ ಮುಗಿದ ಮೇಲೆ ಪ್ರತಿಯೊಂದು ಸಾಲಿನ ಮುಂದೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಇದು ನನ್ನ ಪೆಟ್ಟಿಗೆಯಲ್ಲೇ ಕುಳಿತು ಜೊತೆಗೆ ಬರುತ್ತದೆಯೇ? ಇದೇ ದೇಶದೊಳಗೆ ಊರನ್ನೋ ಕೆಲಸವನ್ನೋ ಬದಲಿಸಿದರೆ ಬಗೆಹರಿಯುತ್ತದೆಯೇ? ಸಾಲ, ನಿದ್ದೆಯಿಲ್ಲದ ರಾತ್ರಿಗಳು, ಗಂಡ ಹೆಂಡಿರ ಮನಸ್ತಾಪ, ಹಿಡಿದ ಕೆಲಸ ಮುಗಿಸದ ಸ್ವಭಾವ ಇವೆಲ್ಲ ನಮ್ಮ ಜೊತೆಗೇ ವಿಮಾನ ಹತ್ತುತ್ತವೆ. ನಾವು ಕಲಿತ ವಿದ್ಯೆಗೆ ಇಲ್ಲಿ ಕೆಲಸವೇ ಇಲ್ಲದಿರುವುದು, ನಮ್ಮ ಬದುಕಿನ ರೀತಿಗೆ ಇಲ್ಲಿನ ಕಾನೂನಿನ ಮಾನ್ಯತೆ ಇಲ್ಲದಿರುವುದು ಇಂಥವು ಮಾತ್ರ ನಿಜವಾಗಿಯೂ ಹಿಂದೆ ಉಳಿಯುತ್ತವೆ. ಎಡಗಡೆಯ ಪಟ್ಟಿ ಉದ್ದವಾಗಿದ್ದು ಬಲಗಡೆಯದು ಎರಡೇ ಸಾಲಿನಲ್ಲಿ ಮುಗಿದಿದ್ದರೆ ಅವಸರ ಬೇಡ. ಓಡಿಹೋಗಲು ಮನಸ್ಸು ಸಿದ್ಧವಾಗಿದೆ, ಹೋಗಿ ಸೇರುವ ಜಾಗ ಮಾತ್ರ ಇನ್ನೂ ಗೊತ್ತಾಗಿಲ್ಲ ಎಂದು ಅದರ ಅರ್ಥ. ಹಾಳೆಗೆ ದಿನಾಂಕ ಹಾಕಿ, ಮಡಿಚಿ, ಎತ್ತಿಡಿ. ಅದು ಮುಂದೆ ಮತ್ತೆ ಬೇಕಾಗುತ್ತದೆ.

ಎರಡನೆಯ ಹಂತ: ದೇಶಕ್ಕಿಂತ ಮೊದಲು ದಾರಿಯನ್ನು ಆರಿಸುವುದು

ಹೊರದೇಶದಲ್ಲಿ ಕಾಲೂರಲು ಇರುವ ಬಾಗಿಲುಗಳು ಬೆರಳೆಣಿಕೆಯಷ್ಟು: ಓದು, ಕೆಲಸ, ಅಂಕ ಆಧಾರಿತ ವಲಸೆ, ಕುಟುಂಬ ಸಂಬಂಧ, ಹೂಡಿಕೆ ಅಥವಾ ಸ್ವಂತ ಉದ್ಯಮ, ಮತ್ತು ಈಚೆಗೆ ಬಂದಿರುವ ದೂರದಿಂದ ಕೆಲಸ ಮಾಡುವವರ ವೀಸಾ. ಇವುಗಳಲ್ಲಿ ನಿಮಗೆ ಯಾವುದು ತೆರೆದಿದೆ ಎಂದು ಮೊದಲು ನೋಡಿ, ಆಮೇಲೆ ಆ ಬಾಗಿಲು ಯಾವ ಯಾವ ದೇಶದಲ್ಲಿದೆ ಎಂದು ನೋಡಬೇಕು. ಬಹಳಷ್ಟು ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ದೇಶಕ್ಕೆ ಮನಸೋತು, ಆಮೇಲೆ ಯಾವುದಾದರೂ ಬಾಗಿಲಿನಿಂದ ನುಸುಳಲು ಹೊರಟು, ಬೇಡದ ಕೋರ್ಸಿಗೆ ಶುಲ್ಕ ಕಟ್ಟಿ ಕೈಸುಟ್ಟುಕೊಳ್ಳುತ್ತಾರೆ.

ಅಂಕ ಆಧಾರಿತ ಪದ್ಧತಿಯನ್ನು ಮೊದಲು ತಂದದ್ದು ಕೆನಡಾ, 1967ರಲ್ಲಿ. ಅಲ್ಲಿ 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆ ಜಾರಿಯಲ್ಲಿದ್ದು, ಅರ್ಜಿದಾರರನ್ನು ಒಟ್ಟು 1200 ಅಂಕಗಳಿಗೆ ಅಳೆಯಲಾಗುತ್ತದೆ. ವಯಸ್ಸಿಗೆ ಪೂರ್ಣ ಅಂಕ ಸಿಗುವುದು 20ರಿಂದ 29ರವರೆಗೆ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಕರಗುತ್ತಾ ಹೋಗಿ 45ಕ್ಕೆ ಸೊನ್ನೆಯಾಗುತ್ತದೆ. ಆಸ್ಟ್ರೇಲಿಯಾದ ಅಂಕಪಟ್ಟಿಯಲ್ಲಿ 25ರಿಂದ 32ರ ವಯಸ್ಸಿನವರಿಗೆ 30 ಅಂಕ, ಅರ್ಹತೆಗೆ ಕನಿಷ್ಠ 65 ಅಂಕ. ಜರ್ಮನಿ 2024ರ ಜೂನ್ 1ರಿಂದ ‘ಅವಕಾಶ ಕಾರ್ಡ್’ ಕೊಡುತ್ತಿದೆ. ಪದವಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ, ಜೊತೆಗೆ ಎ1 ಮಟ್ಟದ (ತೀರಾ ಆರಂಭದ) ಜರ್ಮನ್ ಇಲ್ಲವೇ ಬಿ2 ಮಟ್ಟದ (ಸರಾಗವಾಗಿ ಮಾತಾಡುವಷ್ಟು) ಇಂಗ್ಲಿಷ್ ಇದ್ದು, ಆರು ಅಂಕ ಕೂಡಿದರೆ ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು. ಹುಡುಕುವ ಕಾಲದಲ್ಲಿ ವಾರಕ್ಕೆ 20 ಗಂಟೆಯವರೆಗೆ ಅರೆಕಾಲಿಕ ಕೆಲಸಕ್ಕೂ ಅನುಮತಿಯಿದೆ. ದೂರದಿಂದ ಕೆಲಸ ಮಾಡುವವರಿಗಾಗಿ ಎಸ್ಟೋನಿಯಾ 2020ರ ಆಗಸ್ಟ್‌ನಲ್ಲಿ ತಂದ ವೀಸಾ ಹೆಚ್ಚೆಂದರೆ ಒಂದು ವರ್ಷದ್ದು. ಅದು ಇದ್ದುಬರಲು ಸರಿ, ನೆಲೆಸಲು ಅಲ್ಲ.

ಕಣ್ಣಿಗೆ ಬಿದ್ದ ಪ್ರತಿಯೊಂದು ವೀಸಾಕ್ಕೂ ನಾಲ್ಕು ಪ್ರಶ್ನೆ ಕೇಳಿ. ಕೆಲಸ ಹೋದರೆ ಎಷ್ಟು ದಿನ ಇರಬಹುದು? ಮಾಲೀಕರನ್ನು ಬದಲಿಸಲು ಯಾರ ಅಪ್ಪಣೆ ಬೇಕು? ಸಂಗಾತಿಗೆ ಕೆಲಸ ಮಾಡುವ ಹಕ್ಕಿದೆಯೇ? ಎಷ್ಟು ವರ್ಷಕ್ಕೆ ಕಾಯಂ ವಾಸದ ಹಕ್ಕು ಸಿಗುತ್ತದೆ, ಅಥವಾ ಸಿಗುವುದೇ ಇಲ್ಲವೇ? ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಉನ್ನತ ವಿದ್ಯೆಯ ವೃತ್ತಿಪರರಿಗೆ ಕೊಡುವ ಕೆಲಸದ ಪರವಾನಗಿ) ಪಡೆದವರ ಸಂಗಾತಿ ಕೆಲಸ ಮಾಡಬಹುದು. ಬಿ1 ಮಟ್ಟದ ಭಾಷೆ ಬಂದರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಎಚ್-1ಬಿ ಹೊಂದಿದವರ ಸಂಗಾತಿಗೆ ಸಿಗುವ ಎಚ್-4ರಲ್ಲಿ ಎಲ್ಲರಿಗೂ ಕೆಲಸದ ಅನುಮತಿ ಇರುವುದಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಹಲವು ದಶಕ ದುಡಿದವರಿಗೂ ಪೌರತ್ವ ಸಿಗುವುದು ತೀರಾ ಅಪರೂಪ. ಹಣ ಉಳಿಸಿಕೊಂಡು ಮರಳುವುದೇ ಉದ್ದೇಶವಾಗಿದ್ದರೆ ಅದು ಕೊರತೆಯೇನಲ್ಲ, ಹೊಸ ಬದುಕು ಕಟ್ಟುವುದು ಉದ್ದೇಶವಾಗಿದ್ದರೆ ದೊಡ್ಡ ಕೊರತೆ. ಕಾಯಂ ವಾಸದ ಹಕ್ಕು ಕೂಡ ಹೆಸರಿನಷ್ಟು ಕಾಯಂ ಅಲ್ಲ ಎಂಬುದನ್ನು ನೆನಪಿಡಿ. ಕೆನಡಾದಲ್ಲಿ ಅದನ್ನು ಉಳಿಸಿಕೊಳ್ಳಲು ಐದು ವರ್ಷಗಳಲ್ಲಿ 730 ದಿನ ಅಲ್ಲಿ ಇದ್ದಿರಬೇಕು.

ಪೌರತ್ವದ ವಿಷಯ ಇಷ್ಟು ಬೇಗ ಯಾಕೆ ಎನಿಸಬಹುದು. ಆದರೂ ಈಗಲೇ ತಿಳಿದಿರುವುದು ಒಳ್ಳೆಯದು. ಭಾರತ, ಜಪಾನ್, ಸಿಂಗಪುರ ಮುಂತಾದ ದೇಶಗಳು ವಯಸ್ಕರಿಗೆ ಎರಡು ಪೌರತ್ವ ಒಪ್ಪುವುದಿಲ್ಲ, ಕೆನಡಾ ಒಪ್ಪುತ್ತದೆ, ಜರ್ಮನಿ 2024ರ ಜೂನ್‌ನಿಂದ ಒಪ್ಪುತ್ತಿದೆ. ಎರಡೂ ಕಡೆಯ ಕಾನೂನು ಒಪ್ಪಿದರೆ ಮಾತ್ರ ಎರಡನ್ನೂ ಇಟ್ಟುಕೊಳ್ಳಲು ಸಾಧ್ಯ.

ನಿಯಮಗಳು ನಡುದಾರಿಯಲ್ಲಿ ಬದಲಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಕೆನಡಾದ ಅಂಕಪಟ್ಟಿಯಲ್ಲಿ ಉದ್ಯೋಗದ ಆಹ್ವಾನಕ್ಕೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚ್ 25ರಂದು ತೆಗೆದುಹಾಕಲಾಯಿತು. ಆ ಅಂಕಗಳನ್ನೇ ನಂಬಿಕೊಂಡಿದ್ದವರು ಒಂದೇ ದಿನದಲ್ಲಿ ಸಾಲಿನಲ್ಲಿ ಹಿಂದೆ ಬಿದ್ದರು. ಪೋರ್ಚುಗಲ್ 2023ರಲ್ಲಿ ಮನೆ ಕೊಂಡು ವಾಸದ ಪರವಾನಗಿ ಪಡೆಯುವ ದಾರಿಯನ್ನು ಮುಚ್ಚಿತು. ಆದ್ದರಿಂದ ಈ ಲೇಖನವೂ ಸೇರಿದಂತೆ ಯಾವುದೇ ಬರಹದಲ್ಲಿ ಓದಿದ್ದನ್ನು, ಅರ್ಜಿ ಹಾಕುವ ವಾರದಲ್ಲಿ ಆಯಾ ಸರ್ಕಾರದ ವಲಸೆ ಇಲಾಖೆಯ ಅಧಿಕೃತ ಪುಟದೊಂದಿಗೆ ತಾಳೆ ನೋಡಿಕೊಳ್ಳಿ. ಒಂದು ದಾರಿಯ ಜೊತೆಗೆ ಎರಡನೆಯದನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ.

ಮೂರನೆಯ ಹಂತ: ಮನೆಯಲ್ಲಿ ಮಾತು

ಕನಸು ಒಬ್ಬರದು, ಅದರ ಖರ್ಚು ಮನೆಯವರೆಲ್ಲರದು. ಸಂಗಾತಿಗಳಲ್ಲಿ ಒಬ್ಬರು ಎತ್ತು ಏರಿಗೆ ಎಂದರೆ ಇನ್ನೊಬ್ಬರು ಕೋಣ ನೀರಿಗೆ ಎನ್ನುವ ಸ್ಥಿತಿಯಿದ್ದರೆ ಅರ್ಜಿಯ ಶುಲ್ಕ ಕಟ್ಟುವ ಮುನ್ನವೇ ಅದು ಬಗೆಹರಿಯಬೇಕು. ಯಾರ ವೀಸಾದ ಮೇಲೆ ಯಾರು ಅವಲಂಬಿತರಾಗಿ ಹೋಗುತ್ತಾರೋ ಅವರ ವೃತ್ತಿ ಎರಡು ಮೂರು ವರ್ಷ ನಿಂತುಹೋಗುವ ಸಾಧ್ಯತೆ ಬಹಳ. ಅದನ್ನು ‘ಆಮೇಲೆ ನೋಡೋಣ’ ಎಂದು ತೇಲಿಸಬಾರದು. ಎಷ್ಟು ಕಾಲ ಕಾಯುವುದು, ಅಷ್ಟರಲ್ಲಿ ದಾರಿ ಕಾಣದಿದ್ದರೆ ಏನು ಮಾಡುವುದು ಎಂದು ಇಬ್ಬರೂ ಕೂತು ಬರೆದಿಟ್ಟುಕೊಳ್ಳಬೇಕು. ಮಕ್ಕಳ ವಯಸ್ಸಿಗೂ ಕಾನೂನಿನ ಗಡಿಯಿದೆ. ಕೆನಡಾ 22ರೊಳಗಿನ ಮಕ್ಕಳನ್ನಷ್ಟೇ ಸಾಮಾನ್ಯವಾಗಿ ಅವಲಂಬಿತರೆಂದು ಪರಿಗಣಿಸುತ್ತದೆ.

ವಯಸ್ಸಾದ ತಂದೆ ತಾಯಿಯ ವಿಷಯದಲ್ಲಿ ನನ್ನ ಅನುಭವದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ‘ನೆಲೆ ನಿಂತ ಮೇಲೆ ಕರೆಸಿಕೊಳ್ಳುತ್ತೇವೆ’ ಎಂದು ಮಾತು ಕೊಡುತ್ತಾರೆ. ಹೆಚ್ಚಿನ ದೇಶಗಳಲ್ಲಿ ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳುವುದು ಸಂಗಾತಿಯನ್ನೋ ಮಕ್ಕಳನ್ನೋ ಕರೆಸಿಕೊಳ್ಳುವುದಕ್ಕಿಂತ ಬಹಳ ಕಷ್ಟ, ಸರದಿ ಉದ್ದ, ಆದಾಯದ ಷರತ್ತು ಕಠಿಣ. ಕೊಡಲಾಗದ ಮಾತನ್ನು ಕೊಡುವುದಕ್ಕಿಂತ ಆಸ್ಪತ್ರೆಗೆ ಸೇರಿಸಬೇಕಾದ ರಾತ್ರಿ ಯಾರು ಬರುತ್ತಾರೆ, ಅವರ ಬಳಿ ಮನೆಯ ಬೀಗದ ಕೈ ಇದೆಯೇ, ಔಷಧಿಯ ಪಟ್ಟಿ ಎಲ್ಲಿದೆ, ನೀವು ಬಂದು ತಲುಪಲು ಕನಿಷ್ಠ ಎಷ್ಟು ಗಂಟೆ ಬೇಕು ಎಂಬುದನ್ನು ಅವರ ಮುಂದೆಯೇ ಕೂತು ಮಾತಾಡಿ. ಈ ಮಾತುಕತೆ ಯಾರಿಗೂ ಹಿತವಾಗಿರುವುದಿಲ್ಲ. ಆದರೆ ಇದನ್ನು ಆಡದೆ ಹೋದವರು ಮುಂದೆ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡಾಗಲೆಲ್ಲ ಬೆಚ್ಚಿಬೀಳುತ್ತಾರೆ.

ನಾಲ್ಕನೆಯ ಹಂತ: ಒಮ್ಮೆ ಹೋಗಿ ಇದ್ದು ಬರುವುದು

ಸಾಧ್ಯವಿದ್ದರೆ ಪ್ರವಾಸಿ ವೀಸಾದಲ್ಲಿ ಎರಡು ಮೂರು ವಾರ ಇದ್ದು ಬನ್ನಿ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಅಲ್ಪಾವಧಿಯ ವಾಸಕ್ಕೆ ಯಾವುದೇ 180 ದಿನಗಳಲ್ಲಿ 90 ದಿನದ ಮಿತಿ ಇದೆ, ನೋಡಿ ಬರಲು ಅದು ಧಾರಾಳವಾಗಿ ಸಾಕು. ಹೋಗುವುದಾದರೆ ಆ ಊರಿನ ಕೆಟ್ಟ ಕಾಲದಲ್ಲಿ ಹೋಗಿ. ಹೆಲ್ಸಿಂಕಿಯ ಜೂನ್ ಯಾರನ್ನಾದರೂ ಮರುಳು ಮಾಡುತ್ತದೆ; ಡಿಸೆಂಬರಿನಲ್ಲಿ ಅಲ್ಲಿ ಹಗಲು ಆರು ಗಂಟೆಗೂ ಕಡಿಮೆ. ನೋಡತಕ್ಕ ಸ್ಥಳಗಳನ್ನು ಪಕ್ಕಕ್ಕಿಟ್ಟು, ಕಚೇರಿಯ ಹೊತ್ತಿನಲ್ಲಿ ಬಸ್ಸು ಹತ್ತಿ, ಬಾಡಿಗೆ ಮನೆ ನೋಡಲು ಹೋಗಿ, ಔಷಧಿ ಅಂಗಡಿಯಲ್ಲಿ ನೆಗಡಿಗೆ ಮಾತ್ರೆ ಕೇಳಿ, ಒಂದು ಭಾನುವಾರವನ್ನು ಯಾರೂ ಪರಿಚಯವಿಲ್ಲದೆ ಕಳೆದು ನೋಡಿ. ಆ ಭಾನುವಾರ ಸಂಜೆ ನಾಲ್ಕಕ್ಕೆ ನಿಮ್ಮ ಮನಸ್ಸು ಹೇಗಿತ್ತೆಂಬುದನ್ನು ಬರೆದಿಟ್ಟುಕೊಳ್ಳಿ. ಉಳಿದ ಇಪ್ಪತ್ತು ದಿನಗಳ ಫೋಟೋಗಳಿಗಿಂತ ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.

ಐದನೆಯ ಹಂತ: ವೃತ್ತಿ ಮತ್ತು ಭಾಷೆ

ವೀಸಾ ಸಿಕ್ಕಿತೆಂದರೆ ವೃತ್ತಿ ಮಾಡುವ ಹಕ್ಕು ಸಿಕ್ಕಿತೆಂದು ಅರ್ಥವಲ್ಲ. ವೈದ್ಯರು, ದಾದಿಯರು, ವಕೀಲರು, ಶಿಕ್ಷಕರು, ಬಹಳ ಕಡೆ ಎಲೆಕ್ಟ್ರಿಷಿಯನ್ನರೂ ಪ್ರತ್ಯೇಕ ಪರವಾನಗಿ ಪಡೆಯಬೇಕು. ಜರ್ಮನಿಯಲ್ಲಿ ಹೊರಗಿನಿಂದ ಬಂದ ವೈದ್ಯರು ಪದವಿಯ ಮಾನ್ಯತೆಯ ಜೊತೆಗೆ ವೈದ್ಯಕೀಯ ಭಾಷೆಯಲ್ಲಿ ಸಿ1 ಮಟ್ಟದ ಪರೀಕ್ಷೆ ಪಾಸಾಗಬೇಕು. ಅಮೆರಿಕದಲ್ಲಿ ಯುಎಸ್‌ಎಂಎಲ್‌ಇ ಎಂಬ ವೈದ್ಯಕೀಯ ಪರವಾನಗಿ ಪರೀಕ್ಷೆ ಬರೆದು, ಎಷ್ಟೇ ಅನುಭವವಿದ್ದರೂ ಸಾಮಾನ್ಯವಾಗಿ ಮತ್ತೆ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತರಬೇತಿ) ಮಾಡಬೇಕು. ಕೆನಡಾದಲ್ಲಿ ಎಂಜಿನಿಯರ್ ಎಂದು ಹೇಳಿಕೊಳ್ಳಲು ಪ್ರಾಂತ್ಯದ ವೃತ್ತಿ ಮಂಡಳಿಯ ಪರವಾನಗಿ ಬೇಕು. ಸಾಫ್ಟ್‌ವೇರ್‌ನಂಥ ಕ್ಷೇತ್ರಗಳಲ್ಲಿ ಈ ಕಾಟ ಕಡಿಮೆ. ನಿಮ್ಮದು ಪರವಾನಗಿಯ ವೃತ್ತಿಯಾಗಿದ್ದರೆ, ಪರವಾನಗಿ ಸಿಗುವವರೆಗೆ ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂಬುದಕ್ಕೂ ಯೋಜನೆಯಲ್ಲಿ ಒಂದು ಸಾಲು ಇರಲಿ.

ಭಾಷೆಯ ಮಟ್ಟವನ್ನು ಯುರೋಪಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಎ1 ಎಂದರೆ ಹೆಸರು, ಊರು, ಬೆಲೆ ಕೇಳುವಷ್ಟು. ಬಿ1ಕ್ಕೆ ಬಂದಾಗ ಮನೆ ಮಾಲೀಕರೊಂದಿಗೆ ಜಗಳ ಆಡಬಹುದು, ಬಿ2ಕ್ಕೆ ಆ ಜಗಳ ಗೆಲ್ಲಬಹುದು ಎಂದು ನಾನು ತಮಾಷೆಗೆ ಹೇಳುವುದುಂಟು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ, ಇಂಗ್ಲಿಷ್ ಬಲ್ಲವರು ಕೆಲಸಕ್ಕೆ ಸಾಲುವಷ್ಟು ಜಪಾನಿ ಅಥವಾ ಅರಬ್ಬಿ ಕಲಿಯಲು 88 ವಾರದ ಪೂರ್ಣಾವಧಿ ತರಗತಿ ಬೇಕೆಂದು ಲೆಕ್ಕ ಹಾಕುತ್ತದೆ. ಕೆಲಸ ಮುಗಿಸಿ ಬಂದು ದಿನಕ್ಕೆ ಒಂದು ಗಂಟೆ ಓದುವವರಿಗೆ ಅದು ವರ್ಷಗಳ ಮಾತು. ಆದ್ದರಿಂದ ಭಾಷೆಯನ್ನು ‘ಅಲ್ಲಿಗೆ ಹೋದ ಮೇಲೆ ತಾನಾಗಿ ಬರುತ್ತದೆ’ ಎಂದು ಬಿಡದೆ, ದೇಶ ನಿಶ್ಚಯವಾದ ದಿನವೇ ಶುರುಮಾಡಿ. ಇಂಗ್ಲಿಷಿನಲ್ಲೇ ನಡೆಯುವ ಕಚೇರಿಗಳಿರುವ ಊರುಗಳಲ್ಲೂ ಸರ್ಕಾರದ ಪತ್ರ, ಮಗುವಿನ ಶಾಲೆಯ ಚೀಟಿ, ನೆರೆಮನೆಯವರ ದೂರು ಇವು ಆ ನೆಲದ ಭಾಷೆಯಲ್ಲೇ ಬರುತ್ತವೆ.

ಆರನೆಯ ಹಂತ: ದಾಖಲೆಗಳು, ಆಯಸ್ಸಿನ ಕ್ರಮದಲ್ಲಿ

ದಾಖಲೆಗಳನ್ನು ಒಟ್ಟುಮಾಡಲು ಹೊರಟವರು ಸುಲಭವಾಗಿ ಸಿಗುವುದನ್ನು ಮೊದಲು ತರುತ್ತಾರೆ. ಇದರಿಂದ ಕೊನೆಯ ಕಾಗದ ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತದೆ. ಪ್ರತಿ ದಾಖಲೆಗೂ ಒಂದು ಆಯಸ್ಸಿದೆ, ದೀರ್ಘಾಯುಷಿಗಳನ್ನು ಮೊದಲು ಮಾಡಿಸಿ, ಅಲ್ಪಾಯುಷಿಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ, ಪದವಿ ಪತ್ರ, ಅಂಕಪಟ್ಟಿಗಳಿಗೆ ಸಾಮಾನ್ಯವಾಗಿ ಅವಧಿಯಿಲ್ಲ. ಕೆನಡಾಕ್ಕೆ ಬೇಕಾದ ಪದವಿ ಮೌಲ್ಯಮಾಪನ ಐದು ವರ್ಷ ನಡೆಯುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ. ಕೆನಡಾದ ವೈದ್ಯಕೀಯ ತಪಾಸಣೆ ಹನ್ನೆರಡು ತಿಂಗಳು. ಪೊಲೀಸ್ ಪ್ರಮಾಣಪತ್ರವನ್ನು ಬಹಳ ಕಡೆ ಆರು ತಿಂಗಳಿಗಿಂತ ಹಳೆಯದಾದರೆ ಒಪ್ಪುವುದಿಲ್ಲ. ಇವೆಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. ಅನೇಕ ದೇಶಗಳು ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ, ಮತ್ತು ಪಾಸ್‌ಪೋರ್ಟ್ ಮುಗಿಯುವ ದಿನದಾಚೆಗೆ ವಾಸದ ಪರವಾನಗಿ ಕೊಡಲು ಹಿಂಜರಿಯುತ್ತವೆ.

ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಪ್ರತಿಯೊಂದರಲ್ಲೂ ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿ. ನನ್ನ ಪರಿಚಯದವರೊಬ್ಬರ ಪದವಿ ಪತ್ರದಲ್ಲಿ ಹೆಸರಿನ ಕೊನೆಗೆ ಒಂದು ‘ಎ’ ಇತ್ತು, ಪಾಸ್‌ಪೋರ್ಟ್‌ನಲ್ಲಿ ಇರಲಿಲ್ಲ. ಹದಿನೆಂಟು ವರ್ಷ ಯಾರ ಕಣ್ಣಿಗೂ ಬೀಳದ ಆ ಒಂದು ಅಕ್ಷರ ಮೌಲ್ಯಮಾಪನ ಕೇಂದ್ರದ ಗುಮಾಸ್ತರ ಕಣ್ಣಿಗೆ ಬಿತ್ತು. ಅಫಿಡವಿಟ್ ಮಾಡಿಸಿ, ವಿಶ್ವವಿದ್ಯಾಲಯದಿಂದ ತಿದ್ದಿದ ಪ್ರತಿ ತರಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಆ ನಡುವೆ ಅವರ ಹುಟ್ಟುಹಬ್ಬವೂ ಬಂದು ವಯಸ್ಸಿನ ಅಂಕ ಕಡಿಮೆಯಾಯಿತು. ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಹುಟ್ಟಿದ ಊರಿನ ಕಾಗುಣಿತ ಈ ನಾಲ್ಕರಲ್ಲಿ ಎಲ್ಲಿ ವ್ಯತ್ಯಾಸ ಕಂಡರೂ ಅದನ್ನು ಸರಿಪಡಿಸುವುದೇ ನಿಮ್ಮ ಮೊದಲ ಕೆಲಸ.

ದಾಖಲೆ ಅಸಲಿಯೆಂದು ಹೊರದೇಶ ನಂಬಲು ‘ಅಪಾಸ್ಟಿಲ್’ ಎಂಬ ಮುದ್ರೆ ಬೇಕಾಗುತ್ತದೆ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಈ ಒಂದೇ ಮುದ್ರೆ ಸಾಕು. ಚೀನಾದಲ್ಲಿ ಇದು ಜಾರಿಗೆ ಬಂದದ್ದು 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ. ಒಪ್ಪಂದದ ಹೊರಗಿರುವ ದೇಶಕ್ಕೆ ಹೋಗುವುದಾದರೆ ಸ್ವದೇಶದ ವಿದೇಶಾಂಗ ಇಲಾಖೆ, ಆಮೇಲೆ ಆ ದೇಶದ ರಾಯಭಾರ ಕಚೇರಿ ಹೀಗೆ ಎರಡು ಮೂರು ಮೆಟ್ಟಿಲು ಹತ್ತಬೇಕು. ಅನುವಾದವನ್ನು ಆ ದೇಶ ಮಾನ್ಯ ಮಾಡಿದ ಅನುವಾದಕರಿಂದಲೇ ಮಾಡಿಸಿ. ಮುದ್ರೆ ಮೊದಲೋ ಅನುವಾದ ಮೊದಲೋ ಎಂಬುದನ್ನು ಮುಂಚೆಯೇ ಕೇಳಿಕೊಳ್ಳಿ. ಹಲವು ಕಡೆ ಮುದ್ರೆಯನ್ನೂ ಸೇರಿಸಿ ಅನುವಾದ ಮಾಡಬೇಕಾಗುತ್ತದೆ. ಮೂಲ ಪತ್ರಗಳನ್ನು ಸಾಗಿಸುವ ಸಾಮಾನಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮಕ್ಕಳ ಲಸಿಕೆಯ ಚೀಟಿ, ಚಾಲನಾ ಪರವಾನಗಿ, ಹಿಂದಿನ ಮಾಲೀಕರ ಅನುಭವ ಪತ್ರಗಳನ್ನು ಜನ ಮರೆತು ಹೋಗುವುದು ಹೆಚ್ಚು.

ಏಳನೆಯ ಹಂತ: ಹಣ ಮತ್ತು ತೆರಿಗೆ

ಹಣವನ್ನು ಮೂರು ಗಂಟು ಕಟ್ಟಿಕೊಳ್ಳಿ. ಒಂದು ಅರ್ಜಿ, ಪರೀಕ್ಷೆ, ಅನುವಾದ, ಪ್ರಯಾಣಕ್ಕೆ. ಎರಡನೆಯದು ಅಲ್ಲಿ ಆದಾಯವಿಲ್ಲದೆ ಆರು ತಿಂಗಳು ಬದುಕಲು. ಮೂರನೆಯದು ಮರಳಿ ಬರುವ ಟಿಕೆಟ್ಟಿಗೆ ಮತ್ತು ಬಂದ ಮೇಲೆ ಎರಡು ತಿಂಗಳ ಖರ್ಚಿಗೆ. ಇದನ್ನು ಸ್ವದೇಶದ ಬ್ಯಾಂಕಿನಲ್ಲೇ ಬಿಟ್ಟು, ಇದೆಯೆಂಬುದನ್ನೇ ಮರೆತುಬಿಡಿ. ಎರಡನೆಯ ಗಂಟನ್ನು ಲೆಕ್ಕ ಹಾಕುವಾಗ ಮನೆಯ ಖರ್ಚು ಬಾಡಿಗೆಯಷ್ಟೇ ಎಂದುಕೊಂಡವರು ಮೋಸಹೋಗುತ್ತಾರೆ. ಜರ್ಮನಿಯಲ್ಲಿ ಜಾಹೀರಾತಿನ ‘ತಣ್ಣನೆಯ ಬಾಡಿಗೆ’ಗೆ ನೀರು, ಶಾಖ, ಕಸದ ಖರ್ಚು ಸೇರಿ ‘ಬೆಚ್ಚನೆಯ ಬಾಡಿಗೆ’ಯಾಗುತ್ತದೆ, ಠೇವಣಿಯಾಗಿ ಮೂರು ತಿಂಗಳ ತಣ್ಣನೆಯ ಬಾಡಿಗೆಯವರೆಗೆ ಕೇಳಬಹುದು, ಆದರೆ ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕನ್ನು ಅಲ್ಲಿನ ಕಾನೂನು ಬಾಡಿಗೆದಾರರಿಗೆ ಕೊಟ್ಟಿದೆ. ಜಪಾನಿನಲ್ಲಿ ಠೇವಣಿಯಲ್ಲದೆ ‘ರೇಕಿನ್’ ಎಂಬ ಕಾಣಿಕೆಯನ್ನು ಮನೆ ಮಾಲೀಕರಿಗೆ ಕೊಡುವ ರೂಢಿ ಬಹಳ ಕಡೆ ಇದೆ, ಅದು ಮರಳಿ ಬರುವುದಿಲ್ಲ.

ತೆರಿಗೆಯಲ್ಲಿ ಅನೇಕ ದೇಶಗಳು ಒಂದು ವರ್ಷದಲ್ಲಿ ಸುಮಾರು 183 ದಿನ ಇದ್ದವರನ್ನು ತೆರಿಗೆ ನಿವಾಸಿಯೆಂದು ಹಿಡಿಯುತ್ತವೆ, ಆದರೆ ಮನೆ, ಕುಟುಂಬ ಎಲ್ಲಿದೆ ಎಂಬುದನ್ನೂ ನೋಡುತ್ತವೆ. ಅಮೆರಿಕ ಮತ್ತು ಎರಿಟ್ರಿಯಾ ತಮ್ಮ ಪ್ರಜೆಗಳು ಎಲ್ಲಿದ್ದರೂ ತೆರಿಗೆ ಕೇಳುತ್ತವೆ. ಹೊರಡುವ ವರ್ಷ ಎರಡೂ ಕಡೆ ಲೆಕ್ಕ ಒಪ್ಪಿಸಬೇಕಾಗಬಹುದು. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆಯೇ ಎಂದು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಎಂಟನೆಯ ಹಂತ: ಏಜೆಂಟರ ಬಗ್ಗೆ ಎಚ್ಚರ

ಮೂಗಿಗೆ ತುಪ್ಪ ಸವರುವವರಿಗೆ ಈ ಕ್ಷೇತ್ರದಲ್ಲಿ ಬರವಿಲ್ಲ. ‘ವೀಸಾ ಗ್ಯಾರಂಟಿ’ ಎಂದವರನ್ನು ಅಲ್ಲಿಗೇ ಬಿಟ್ಟುಬಿಡಿ, ಏಕೆಂದರೆ ವೀಸಾ ಕೊಡುವ ಅಧಿಕಾರ ಸರ್ಕಾರದ ಅಧಿಕಾರಿಗೆ ಬಿಟ್ಟು ಇನ್ನಾರಿಗೂ ಇಲ್ಲ. ಕೆಲಸ ಕೊಡಿಸುವುದಕ್ಕೆ ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯ ಮೂಲ ನಿಯಮ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲವಾದರೂ, ನೇಮಕಾತಿ ಪತ್ರಕ್ಕೆ ನಿಮ್ಮಿಂದಲೇ ದುಡ್ಡು ಕೇಳುವವರನ್ನು ಅಳೆಯಲು ಅದೊಂದು ಒಳ್ಳೆಯ ಅಳತೆಗೋಲು. ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಹಣ ಪಡೆದು ವಲಸೆ ಸಲಹೆ ಕೊಡುವವರಿಗೆ ನೋಂದಣಿ ಕಡ್ಡಾಯ, ಅವರ ಹೆಸರನ್ನು ಅಧಿಕೃತ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಯಾರಿಗೂ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ನಿಮ್ಮ ಹೆಸರಿನಲ್ಲಿ ಸಲ್ಲಿಸುವ ಅರ್ಜಿಯನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಅದರಲ್ಲಿ ಅವರು ಸೇರಿಸಿದ ಒಂದು ಸುಳ್ಳಿಗೆ ವರ್ಷಗಟ್ಟಲೆ ಪ್ರವೇಶ ನಿಷೇಧ ಬೀಳುವುದು ನಿಮಗೆ, ಅವರಿಗಲ್ಲ.

ಒಂಬತ್ತನೆಯ ಹಂತ: ಬಾಗಿಲು ಹಾಕಿಕೊಳ್ಳದೆ ಹೊರಡುವುದು

ಸಾಧ್ಯವಿದ್ದರೆ ರಾಜೀನಾಮೆಗೆ ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಿ. ವೃತ್ತಿಯ ಪರವಾನಗಿಯನ್ನು ಸ್ವದೇಶದಲ್ಲಿ ನವೀಕರಿಸುತ್ತಾ ಇರಿ. ಆಸ್ತಿ, ಬ್ಯಾಂಕಿನ ಕೆಲಸಗಳಿಗೆ ನಂಬಿಕಸ್ಥರೊಬ್ಬರಿಗೆ ಅಧಿಕಾರ ಪತ್ರ ಕೊಡುವುದಾದರೆ ಯಾವ ಕೆಲಸಕ್ಕೆ, ಎಷ್ಟು ಅವಧಿಗೆ ಎಂದು ಸ್ಪಷ್ಟವಾಗಿ ಬರೆಸಿ, ಎಲ್ಲಕ್ಕೂ ಸಲ್ಲುವ ಪತ್ರ ಬೇಡ. ಬ್ಯಾಂಕಿನ ಒಟಿಪಿ ಬರುವ ಮೊಬೈಲ್ ಸಂಖ್ಯೆ ಹೊರದೇಶದಲ್ಲೂ ಕೆಲಸ ಮಾಡುತ್ತದೆಯೇ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ಚಿಕ್ಕ ವಿಷಯ ಎನಿಸುತ್ತದೆ, ಆದರೆ ಆ ಸಂಖ್ಯೆ ನಿಂತ ದಿನ ನಿಮ್ಮದೇ ಹಣ ನಿಮ್ಮ ಕೈಗೆ ಸಿಗದು.

ಹತ್ತನೆಯ ಹಂತ: ಮೊದಲ ತೊಂಬತ್ತು ದಿನ

ಬರ್ಲಿನ್ನಿನಲ್ಲೋ ಹ್ಯಾಂಬರ್ಗಿನಲ್ಲೋ ಮೊದಲ ಸಲ ಬಾಡಿಗೆ ಮನೆಯ ಬೀಗ ತೆಗೆದವರು ಸ್ವಿಚ್ಚಿಗಾಗಿ ತಡಕಾಡಿ, ಒತ್ತಿ, ಬೆಳಕು ಬಾರದಿದ್ದಾಗ ಫೋನಿನ ಟಾರ್ಚನ್ನು ಮೇಲಕ್ಕೆ ಹಿಡಿಯುತ್ತಾರೆ. ಚಾವಣಿಯಿಂದ ಎರಡು ಬರಿಯ ತಂತಿಗಳು ಇಳಿಬಿದ್ದಿರುತ್ತವೆ. ಅಡುಗೆಮನೆಗೆ ಹೋದರೆ ಗೋಡೆಯಿಂದ ಹೊರಟ ನೀರಿನ ಕೊಳವೆಯೊಂದೇ ಇದೆ. ಒಲೆಯಿಲ್ಲ, ತೊಟ್ಟಿಯಿಲ್ಲ, ಕಪಾಟಿಲ್ಲ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಹಿಂದಿನ ಬಾಡಿಗೆದಾರರು ತಮ್ಮ ದೀಪವನ್ನೂ ಅಡುಗೆಮನೆಯನ್ನೂ ಬಿಚ್ಚಿಕೊಂಡು ಹೋಗುವುದು ವಾಡಿಕೆ. ಯಾರೂ ಮೋಸ ಮಾಡಿಲ್ಲ, ಯಾರೂ ಹೇಳಿಲ್ಲ ಅಷ್ಟೆ. ಮೊದಲ ಒಂದೆರಡು ತಿಂಗಳಿಗೆ ಸಾಮಾನು ಸಹಿತವಾದ ತಾತ್ಕಾಲಿಕ ಮನೆ ಹಿಡಿಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇಳಿದ ಕೂಡಲೇ ಗಡುವುಗಳು ಶುರುವಾಗುತ್ತವೆ. ಜರ್ಮನಿಯಲ್ಲಿ ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕು. ಜಪಾನಿನಲ್ಲೂ ಮನೆ ಗೊತ್ತಾದ 14 ದಿನದೊಳಗೆ ಪುರಸಭೆಗೆ ತಿಳಿಸಬೇಕು. ತಾತ್ಕಾಲಿಕ ಮನೆ ಹಿಡಿಯುವಾಗ ಆ ಪತ್ರ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಏಕೆಂದರೆ ವಿಳಾಸವಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಖಾತೆಯಿಲ್ಲದೆ ಸಂಬಳವಿಲ್ಲ, ಸಂಬಳದ ಚೀಟಿಯಿಲ್ಲದೆ ಒಳ್ಳೆಯ ಮನೆಯಿಲ್ಲ ಎಂಬ ಸುಳಿಯೊಂದಿದೆ. ನೋಂದಣಿ, ಖಾತೆ, ಆರೋಗ್ಯ ವಿಮೆ, ತೆರಿಗೆ ಸಂಖ್ಯೆ ಇವನ್ನು ಮೊದಲ ಎರಡು ವಾರಗಳಲ್ಲಿ ಮುಗಿಸಿ. ಸ್ವದೇಶದಲ್ಲಿ ಸಾಲ ತೀರಿಸಿದ ನಿಮ್ಮ ಒಳ್ಳೆಯ ಹೆಸರು ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಅಲ್ಲಿ ಅದನ್ನು ಮೊದಲಿಂದ ಗಳಿಸಬೇಕು.

ಮನಸ್ಸಿನ ಲೆಕ್ಕ ಬೇರೆ. ‘ಸಂಸ್ಕೃತಿ ಆಘಾತ’ ಎಂಬ ಮಾತನ್ನು ಬಳಕೆಗೆ ತಂದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಅದರ ಲಕ್ಷಣಗಳನ್ನು ಪಟ್ಟಿ ಮಾಡಿದ್ದರು: ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ, ಹಾಸಿಗೆಯ ಬಗ್ಗೆ ಅತಿಯಾದ ಅನುಮಾನ, ಸಣ್ಣ ನೋವಿಗೂ ದೊಡ್ಡ ಭಯ. ಮೊದಲ ವಾರಗಳ ಮೋಹ ಕಳೆದ ಮೇಲೆ ಬರುವ ಈ ಸಿಡುಕು ಮುಂದಿನ ಹೊಂದಾಣಿಕೆಗೆ ಮುಂಚಿನ ಒಂದು ಘಟ್ಟವೆಂದು ಅವರು ಹೇಳಿದ್ದರು. ಆ ಘಟ್ಟದಲ್ಲಿ ಇರುವಾಗ ಯಾವ ದೊಡ್ಡ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ, ಮರಳುವ ಟಿಕೆಟ್ಟನ್ನೂ ಮಾಡಿಸಬೇಡಿ, ಮನೆಯನ್ನೂ ಕೊಳ್ಳಬೇಡಿ. ವಾರಕ್ಕೊಮ್ಮೆ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗುವ ಏನಾದರೊಂದನ್ನು ಹಿಡಿಯಿರಿ: ಗ್ರಂಥಾಲಯ, ಭಾಷೆಯ ತರಗತಿ, ಈಜುಕೊಳ, ಯಾವುದಾದರೂ ಸರಿ. ಆರನೆಯ ವಾರ ಅಲ್ಲಿ ಯಾರಾದರೂ ‘ಕಳೆದ ವಾರ ಬರಲಿಲ್ಲವಲ್ಲ’ ಎಂದು ಕೇಳುವವರೆಗೆ ಬಿಡಬೇಡಿ.

ಕೊನೆಯ ಹಂತ: ಹದಿನೆಂಟನೆಯ ತಿಂಗಳು

ಹೊರಡುವ ಮೊದಲೇ ಹದಿನೆಂಟು ತಿಂಗಳ ಆಚೆಯ ಒಂದು ದಿನಾಂಕವನ್ನು ಗೊತ್ತುಮಾಡಿಕೊಂಡು ಮನೆಯವರಿಗೂ ಹೇಳಿಟ್ಟಿರಿ. ಅದಕ್ಕಿಂತ ಮುಂಚೆ ‘ಇರುವುದೋ ಮರಳುವುದೋ’ ಎಂಬ ಚರ್ಚೆಯನ್ನು ಮನೆಯಲ್ಲಿ ತೆಗೆಯುವುದು ಬೇಡ, ತೆಗೆದರೆ ಪ್ರತಿ ಕೆಟ್ಟ ದಿನವೂ ಅದೇ ಮಾತಾಗುತ್ತದೆ. ಆ ದಿನ ಮೊದಲ ಹಂತದಲ್ಲಿ ಮಡಿಚಿಟ್ಟ ಹಾಳೆಯನ್ನು ತೆಗೆದು, ಎಡಗಡೆಯ ಸಾಲುಗಳಲ್ಲಿ ಯಾವುವು ನಿಜವಾಗಿ ಹಿಂದೆ ಉಳಿದವು, ಯಾವುವು ಜೊತೆಗೆ ಬಂದು ಹೊಸ ಮನೆಯಲ್ಲೂ ಕೂತಿವೆ ಎಂದು ಗುರುತು ಹಾಕಿ. ಬಲಗಡೆಯಲ್ಲಿ ಸಿಕ್ಕಿದ್ದಕ್ಕೆ ಒಂದು ಗುರುತು, ಸಿಗದಿದ್ದರೂ ಈಗ ಬೇಡವೆನಿಸಿದ್ದಕ್ಕೆ ಇನ್ನೊಂದು. ಅದರ ಕೆಳಗೆ ಈಗಿನ ವೀಸಾ ಯಾವಾಗ ಮುಗಿಯುತ್ತದೆ, ಕಾಯಂ ವಾಸಕ್ಕೆ ಎಷ್ಟು ತಿಂಗಳು ಉಳಿದಿದೆ, ಮೂರನೆಯ ಗಂಟು ಹಾಗೇ ಇದೆಯೇ ಎಂಬ ಮೂರು ಸಾಲು ಬರೆಯಿರಿ. ಸಂಗಾತಿ ಜೊತೆಗಿದ್ದರೆ ಅವರು ತಮ್ಮದೇ ಹಾಳೆಯಲ್ಲಿ, ನಿಮ್ಮದನ್ನು ನೋಡದೆ, ಬೇರೆಯಾಗಿ ಬರೆಯಲಿ.